ಅಪ್ಪನ ಜೀಪಿಗೆ ವೇಗ ಬಂದ ದಿನ

ಎಲ್ಲಕ್ಕೂ ಮೂಲ ಒಂದು ತರಕಾರಿ ತಳ್ಳುಗಾಡಿ. ಊರಂಚಿನ ರಸ್ತೆಯಲ್ಲಿ ಅದು ಕನ್ನಡಕದಂಗಡಿಯವರ ಜೀಪನ್ನು ಹಿಂದೆ ಹಾಕಿ ಹೋಯಿತು. ಬರೀ ಹಿಂದೆ ಹಾಕಿದ್ದರೆ ಅವರು ಹೇಗೋ ನುಂಗಿಕೊಳ್ಳುತ್ತಿದ್ದರು. ಆದರೆ ಗಾಡಿಯವನು ದಾಟುವಾಗ ತಿರುಗಿ, ಬಹಳ ಮರ್ಯಾದೆಯಿಂದ, "ನೀವು ನಿಧಾನಕ್ಕೆ ಬನ್ನಿ ಸಾರ್" ಅಂದುಬಿಟ್ಟ. ಆ ಮಾತು ಜೀಪಿಗಿಂತ ಮೊದಲೇ ಪೇಟೆ ತಲುಪಿತು. ಮರುದಿನ ಕನ್ನಡಕದಂಗಡಿಯವರು ಅಂಗಡಿಯ ಬಾಗಿಲು ತೆರೆಯುವುದಕ್ಕೂ ಮುಂಚೆ ಹೋಗಿ ಮರಳುಗಾಡಿನ ಜೀಪು ಓಟಕ್ಕೆ ಹೆಸರು ಕೊಟ್ಟು ಬಂದರು.

ಜೀಪು ಅವರ ಅಪ್ಪನದು. ಊರಾಚೆಯ ಮರಳುಗಾಡಿನಲ್ಲಿ ಬಾವಿಗೆ ಜಾಗ ಹುಡುಕುವುದು ಅಪ್ಪನ ಕೆಲಸವಾಗಿತ್ತು. ತುಂಬಿದ ಹಾಲಿನ ಪಾತ್ರೆ ಹೊತ್ತವರ ಹಾಗೆ ಅವರು ಜೀಪು ಓಡಿಸುತ್ತಿದ್ದರು. ಪಕ್ಕದಲ್ಲಿ ಕೂತೇ ಬೆಳೆದ ಕನ್ನಡಕದಂಗಡಿಯವರು, ಈ ನಿಧಾನವೇ ಗಾಡಿಯ ಹಣೆಬರಹ ಎಂದುಕೊಂಡಿದ್ದರು. ಅಪ್ಪ ತೀರಿಕೊಂಡ ಮೇಲೂ ಅದನ್ನು ಅದೇ ನಡೆಯಲ್ಲಿ ನಡೆಸಿಕೊಂಡು ಬಂದಿದ್ದರು.

ಓಟದ ದಿನ ಬೆಳಿಗ್ಗೆ ಜೀಪು ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ನಿಂತಿತ್ತು. ಉದ್ದನೆಯ ಸ್ಪ್ರಿಂಗು, ಚಕ್ರಕ್ಕೆ ಎರಡೆರಡು ಶಾಕ್ ಅಬ್ಸಾರ್ಬರು, ಅಗಲದ ಟೈರು ಎಲ್ಲ ಹಾಕಿ ಆಗಿತ್ತು. ಜೀಪು ಎತ್ತರದ ಚಪ್ಪಲಿ ಮೆಟ್ಟಿದ ಮುದುಕನ ಹಾಗೆ ಸಂಕೋಚದಿಂದ ನಿಂತಿತ್ತು.

"ಮರಳು ದಿಬ್ಬದ ಮೇಲೆ ಚಕ್ರ ಎಷ್ಟು ಬೇಕಾದ್ರೂ ಕುಣೀಲಿ, ಬಾಡಿ ಅಲ್ಲಾಡಲ್ಲ" ಎಂದ ಮೆಕ್ಯಾನಿಕ್. ಆಮೇಲೆ ತಲೆ ಕೆರೆದುಕೊಂಡ. "ಎಂಜಿನ್ನೂ ಚೆನ್ನಾಗೇ ಇದೆ ಸಾರ್. ಇಷ್ಟು ದಿನ ಇದ್ಯಾಕೆ ಹಿಂಗೆ ತೆವಳ್ತಿತ್ತೋ ನಂಗೇ ಗೊತ್ತಾಗ್ತಿಲ್ಲ. ಭಾರ ಜಾಸ್ತಿ ಇರಬೇಕು."

ಈ ಮಾತು ಎದುರುಮನೆಯ ನಿವೃತ್ತ ಬಸ್ ಡ್ರೈವರ ಕಿವಿಗೆ ಬಿತ್ತು. ಅವರು ಸ್ಟೂಲನ್ನು ತಾವೇ ಹೊತ್ತು ತಂದು ಶೆಡ್ಡಿನ ನಡುವೆ ಕೂತರು.

"ಮೊದಲು ಬಾಗಿಲು ಕೀಳಿಸಿ. ಆ ಮರಳಲ್ಲಿ ನಿಮ್ಮ ಬಾಗಿಲು ಯಾರು ತಟ್ತಾರೆ?"

ಬಾಗಿಲ ಮೇಲಂಚಿನಲ್ಲಿ ಅಪ್ಪ ಮೊಣಕೈ ಊರಿ ಊರಿ ಬಣ್ಣ ಹೋಗಿ, ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಕನ್ನಡಕದಂಗಡಿಯವರು ಅದರ ಮೇಲೆ ಕೈ ಇಟ್ಟರು. "ಇದೊಂದು ಇರಲಿ ಬಿಡಿ."

"ಒಂದೇ ಕಡೆ ಬಾಗಿಲಿದ್ರೆ ಗಾಡಿ ವಾಲುತ್ತೆ" ಎಂದರು ಡ್ರೈವರು, ಡಾಕ್ಟರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ.

ಎರಡೂ ಬಾಗಿಲು ಹೋದವು. ಅವುಗಳ ಹಿಂದೆಯೇ ಟಾಪು ಹೋಯಿತು. ಹಿಂದಿನ ಸೀಟು ಬಿಚ್ಚುವಾಗ ಪಕ್ಕದ ಅಂಗಡಿಯ ದರ್ಜಿ ಬಂದು, "ಹೆಂಗೂ ಎಸೀತೀರಲ್ಲ, ನಮ್ಮ ಗಿರಾಕಿಗಳು ಕೂರ್ಲಿ" ಎಂದು ಎತ್ತಿಕೊಂಡು ಹೋದ. ಮುಂದಿನ ಗಾಜಿಗೆ ಸ್ಪ್ಯಾನರು ತಗುಲಿದಾಗ ಕನ್ನಡಕದಂಗಡಿಯವರು ಮತ್ತೆ ಅಡ್ಡ ನಿಂತರು.

"ಗಾಜು ಬೇಡಪ್ಪಾ. ಕಣ್ಣಿಗೆ ಮರಳು ಬೀಳುತ್ತೆ."

"ನಿಮ್ಮ ಅಂಗಡಿ ತುಂಬ ಕನ್ನಡಕ ಇಲ್ವಾ ಸಾರ್?" ಎಂದ ಮೆಕ್ಯಾನಿಕ್.

ಗಾಜೂ ಹೋಯಿತು. ಗುಜರಿಯವನ ಗಾಡಿ ಬಂತು. ಬಾಗಿಲು, ಟಾಪು, ಗಾಜಿನ ಚೌಕಟ್ಟು ಅದರ ಮೇಲೆ ಒಂದರ ಮೇಲೊಂದು ಮಲಗಿದವು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕನ್ನಡಕದಂಗಡಿಯವರು ರಸ್ತೆಯಲ್ಲೇ ನಿಂತಿದ್ದರು. ಮನೆಯಿಂದ ಯಾರನ್ನೋ ಹೇಳದೆ ಕೇಳದೆ ಕಳಿಸಿಕೊಟ್ಟ ಹಾಗಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಮರಳುಗಾಡಿಗೆ ಹೋದರು. ಓಟಕ್ಕೆ ಮುಂಚೆ ಒಂದು ಸುತ್ತು ನೋಡೋಣವೆಂದು ಕನ್ನಡಕದಂಗಡಿಯವರು ಜೀಪು ಬಿಟ್ಟರು. ಮೊದಲ ದಿಬ್ಬದಲ್ಲೇ ಜೀಪು ಒದೆಯುವ ಕತ್ತೆಯಂತೆ ಹಿಂಭಾಗ ಎತ್ತಿ, ಮೂತಿಯನ್ನು ಮರಳಿಗೆ ಚುಚ್ಚಿ ನಿಂತುಬಿಟ್ಟಿತು.

"ಹಿಂದೆ ತೂಕ ಸಾಲ್ತಿಲ್ಲ" ಎಂದ ಮೆಕ್ಯಾನಿಕ್.

"ಬೆಳಿಗ್ಗೆ ಜಾಸ್ತಿ ಅಂದೆಯಲ್ಲೋ" ಎಂದರು ಕನ್ನಡಕದಂಗಡಿಯವರು.

"ಅದು ಬೆಳಿಗ್ಗೆ ಸಾರ್."

"ಮರಳಿನ ಮೂಟೆ ಕಟ್ಟಿದ್ರೆ?"

"ಮೂಟೆ ಜಾರುತ್ತೆ. ಜೀವ ಇರೋ ತೂಕ ಬೇಕು. ತಿರುವಲ್ಲಿ ತಾನೇ ಈ ಕಡೆ ಆ ಕಡೆ ವಾಲ್ಕೋಬೇಕು."

ಡ್ರೈವರು, ದರ್ಜಿ, ಮೆಕ್ಯಾನಿಕ್ ಮೂವರೂ ಕಡ್ಡಿಯಂಥವರು. ಮೂವರ ಕಣ್ಣೂ ಒಟ್ಟಿಗೆ ಕನ್ನಡಕದಂಗಡಿಯವರ ಹೊಟ್ಟೆಯ ಮೇಲೆ ಬಂದು ನಿಂತವು.

"ಹಾಗಾದ್ರೆ ಓಡಿಸೋರು ಯಾರು?" ಎಂದರು ಅವರು, ಸಣ್ಣ ದನಿಯಲ್ಲಿ.

ಡ್ರೈವರಿಗೆ ಥಟ್ಟನೆ ಸೊಂಟನೋವು ನೆನಪಾಯಿತು. ಆಗ ನೀರಿನ ಫ್ಲಾಸ್ಕು ಹಿಡಿದು ಬಂದಿದ್ದ ಕನ್ನಡಕದಂಗಡಿಯವರ ಹೆಂಡತಿ ಅದನ್ನು ದರ್ಜಿಯ ಕೈಗೆ ಕೊಟ್ಟು, "ಕೀ ಕೊಡಿ" ಎಂದರು. ಜೀಪನ್ನು ಹಿಂದಕ್ಕೆ ಸರಿಸಿ ಮರಳಿನಿಂದ ಬಿಡಿಸಿ, ದಿಬ್ಬವನ್ನು ಓರೆಯಾಗಿ ಹತ್ತಿ, ಆ ಕಡೆ ಇಳಿದು, ಧೂಳೆಬ್ಬಿಸಿಕೊಂಡು ಬಂದು ಗಂಡನ ಕಾಲ ಬುಡದಲ್ಲೇ ನಿಲ್ಲಿಸಿದರು.

"ಇದನ್ನ ಯಾವಾಗ ಕಲಿತೆ?"

"ಮಾವ ಕಲಿಸಿದ್ರು. ನೀವು ಅಂಗಡಿಗೆ ಹೋದ ಮೇಲೆ."

"ಅಪ್ಪನಾ? ಅಪ್ಪ ಇಷ್ಟು ಜೋರಾಗಿ ಓಡಿಸ್ತಿದ್ರಾ?"

"ಇದಕ್ಕಿಂತ ಜೋರು. ಬಾಗಿಲು, ಟಾಪು, ಸೀಟು ಎಲ್ಲಾ ಇಟ್ಕೊಂಡೇ." ಆಕೆ ಸೆರಗಿನಿಂದ ಸ್ಟೀರಿಂಗಿನ ಮರಳು ಒರೆಸಿದರು. "ನೀವು ಪಕ್ಕದಲ್ಲಿದ್ದಾಗ ಮಾತ್ರ ನಿಧಾನ. ಚಿಕ್ಕವರಿದ್ದಾಗ ಸ್ವಲ್ಪ ಜೋರಾದ್ರೂ ನಿಮಗೆ ವಾಂತಿಯಾಗ್ತಿತ್ತಂತೆ. ಅವನಿಗೆ ಹೇಳ್ಬೇಡಮ್ಮಾ, ಬೇಜಾರು ಮಾಡ್ಕೋತಾನೆ ಅಂದಿದ್ರು."

ಮೆಕ್ಯಾನಿಕ್ ಆಕಾಶ ನೋಡಿದ. ದರ್ಜಿ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ. ಕನ್ನಡಕದಂಗಡಿಯವರಿಗೆ ಕಂಡದ್ದು ಅಪ್ಪನ ಕಾಲು: ಒತ್ತಬಹುದಾಗಿದ್ದರೂ ಒತ್ತದೆ, ವರ್ಷಗಟ್ಟಲೆ ಪೆಡಲಿನ ಮೇಲೆ ಹಗುರವಾಗಿ ಇಟ್ಟುಕೊಂಡಿದ್ದ ಕಾಲು.

"ಮೊದಲೇ ಹೇಳಬಾರದಿತ್ತಾ?"

"ಸ್ಪ್ರಿಂಗು ಹಾಕಿಸ್ತೀನಿ ಅಂದ್ರಿ, ಹಾಕಿಸ್ಲಿ ಅಂತ ಸುಮ್ಮನಿದ್ದೆ. ಬಾಗಿಲು ಕೀಳಿಸ್ತೀನಿ ಅಂತ ಎಲ್ಲಿ ಹೇಳಿದ್ರಿ?"

ಅಷ್ಟರಲ್ಲಿ ಓಟಕ್ಕೆ ಕರೆ ಬಂತು. ಹಿಡಿದುಕೊಳ್ಳಲು ಕಂಬಿ ಇದ್ದದ್ದು ಹಿಂದಿನ ಅಂಚಿಗೆ ಮಾತ್ರ. ಹಾಗಾಗಿ ಕನ್ನಡಕದಂಗಡಿಯವರನ್ನು ಹಿಮ್ಮುಖವಾಗಿ ಕೂರಿಸಿ, ಬೆಲ್ಟಿನಿಂದ ಬಿಗಿದರು. ಸೀಟಿ ಊದಿದ್ದೇ ತಡ, ಜೀಪು ಹಾರಿತು. ದಿಬ್ಬಗಳು ಕಾಲ ಕೆಳಗಿನಿಂದ ಜಾರಿ ಹೋದವು. ಮಿಕ್ಕ ಗಾಡಿಗಳೆಲ್ಲ ಧೂಳಿನಲ್ಲಿ ಚಿಕ್ಕದಾಗುತ್ತ ಹೋದದ್ದನ್ನು ಅವರು ಕಣ್ಣಾರೆ ಕಂಡರು. ಅಪ್ಪ ಒಬ್ಬರೇ ಇದ್ದಾಗ ಹೀಗೆ ಹೋಗುತ್ತಿದ್ದರಲ್ಲ, ಒಂದು ಸಲವಾದರೂ ಜೊತೆಗೆ ಹೀಗೆ ಹೋಗಲಿಲ್ಲವಲ್ಲ ಅನ್ನಿಸಿ ಗಂಟಲು ಕಟ್ಟಿತು.

ಗಂಟಲು ಕಟ್ಟಿದ್ದು ಬರೀ ದುಃಖಕ್ಕಲ್ಲ ಎಂದು ಮುಂದಿನ ದಿಬ್ಬದಲ್ಲಿ ತಿಳಿಯಿತು. ಹೊಟ್ಟೆಯೊಳಗೆ ಏನೋ ಮಗ್ಗುಲು ಬದಲಿಸಿತು. ಅವರು ತುಟಿ ಬಿಗಿಹಿಡಿದರು. ಆದರೂ ಒಂದು ಸಣ್ಣ ನರಳಿಕೆ ಹೊರಬಿದ್ದೇಬಿಟ್ಟಿತು.

ಹೆಂಡತಿ ತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ. ಗೇರು ಮೆತ್ತಗೆ ಕೆಳಗಿಳಿಯಿತು. ಜೀಪು ನಿಧಾನವಾಯಿತು. ಹಿಂದೆ ಬಿದ್ದಿದ್ದ ಗಾಡಿಗಳು ಒಂದೊಂದಾಗಿ ದೊಡ್ಡದಾಗುತ್ತ ಬಂದು, ಮೈಮೇಲೆಲ್ಲ ಮರಳು ಎರಚಿ ದಾಟಿಹೋದವು.

"ನನ್ನ ಚಿಂತೆ ಬಿಡು, ಜೋರಾಗಿ ಓಡಿಸು" ಎಂದು ಕೂಗಿ ಹೇಳಬೇಕೆಂದು ಅವರಿಗೆ ಎದೆತುಂಬ ಆಸೆಯಾಯಿತು. ಆದರೆ ಹಾಗೆ ಹೇಳಲು ಬಾಯಿ ತೆರೆಯಬೇಕಿತ್ತು. ಬಾಯಿ ತೆರೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ.