ಒಂದು ಚೆಂಡಾದರೂ ಅವಳ ಕಡೆ ಬರಲಿ

ಚೆಂಡು ಗುಂಡಗಿರುವುದರಿಂದ ಅದು ಹೋದ ಕಡೆಯೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಅದರ ಹಿಂದೆ ಹದಿನೆಂಟು ಹುಡುಗಿಯರು, ಅವರ ಹಿಂದೆ ನಾನು, ಹೀಗೆ ಓಡಿದ ಹತ್ತು ವರ್ಷಗಳಲ್ಲಿ ನಕ್ಕಷ್ಟು ನಾನು ರೈಲ್ವೆ ಕಚೇರಿಯ ಮೂವತ್ತು ವರ್ಷಗಳಲ್ಲಿ ನಗಲಿಲ್ಲ.

ನನ್ನ ಅರ್ಹತೆ

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ, ರಾಜ್ಯದ ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್ ಚೆನ್ನೈಯ ನಮ್ಮ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ರಾಷ್ಟ್ರೀಯ ಪಂದ್ಯಾವಳಿಗೆ ಹುಡುಗಿಯರನ್ನು ಕರೆದೊಯ್ಯಲು ಒಬ್ಬ ಮಹಿಳಾ ಮ್ಯಾನೇಜರ್ ಇರಲೇಬೇಕಂತೆ.

"ನಂಗೆ ಫುಟ್‌ಬಾಲ್ ಏನೂ ಗೊತ್ತಿಲ್ಲ ಸಾರ್" ಎಂದೆ.

"ಆಟ ಹುಡುಗೀರಿಗೆ ಗೊತ್ತು ಮೇಡಂ. ಒಂದೇ ಬೋಗೀಲಿ ಇಪ್ಪತ್ತು ಬರ್ತ್ ಸಿಗೋದು ಹೇಗೆ ಅಂತ ನಿಮಗೆ ಗೊತ್ತಲ್ಲ?"

ಅದು ಗೊತ್ತಿತ್ತು. ಆ ಒಂದೇ ಅರ್ಹತೆಯ ಮೇಲೆ ರಾಜ್ಯ ತಂಡದ ಮ್ಯಾನೇಜರ್ ಆದೆ. ಮೊದಲ ಪಂದ್ಯದಲ್ಲಿ ಎದುರಾಳಿಗಳು ಹೊಡೆದ ಗೋಲಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅರ್ಧ ಆಟದ ನಂತರ ಎರಡೂ ತಂಡ ಜಾಗ ಬದಲಿಸುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ.

ಅಳತೆ ಬ್ಲೌಸು

ಹುಡುಗರು ಹಾಕಿ ಬಿಟ್ಟ ಜೆರ್ಸಿಗಳೇ ಆಗ ನಮ್ಮ ಹುಡುಗಿಯರ ಪಾಲಿಗೆ. ತೋಳು ಮೊಣಕೈ ದಾಟಿ ಇಳಿಯುತ್ತಿತ್ತು. ಬಿಡಿಸಿ, ಹೊಲಿಸಿ, ಚಿಕ್ಕದು ಮಾಡಿಸೋಣವೆಂದು ನುಂಗಂಬಾಕ್ಕಂನ ನನ್ನ ಟೈಲರ್ ಬಳಿ ಒಯ್ದೆ.

"ಅಳತೆ ಬ್ಲೌಸ್ ಕೊಡಿ" ಎಂದ. ಹುಡುಗಿಯರು ತಮ್ಮ ತಮ್ಮ ದಾವಣಿಯ ಬ್ಲೌಸು ತಂದುಕೊಟ್ಟರು.

ವಾರದ ನಂತರ ಹದಿನೆಂಟು ಜೆರ್ಸಿ ಬಂದವು. ಸೊಂಟದಲ್ಲಿ ಹಿಡಿತ, ಬಿಗಿ ತೋಳು, ಬೆನ್ನಿಗೆ ಸಾಲಾಗಿ ಹುಕ್ಕು. ನಮ್ಮ ಗೋಲ್‌ಕೀಪರ್ ಹುಡುಗಿ ಹಾಕಿಕೊಂಡಳು, ಕೈ ಭುಜದಿಂದ ಮೇಲೇಳಲಿಲ್ಲ. ಗೋಲ್‌ಕೀಪರ್ ಕೈ ಎತ್ತದಿದ್ದರೆ ಆಟವೇನು ಬಂತು? ಜಗಳಕ್ಕೆ ಹೋದೆ.

ಟೈಲರ್ ಶಾಂತವಾಗಿ, "ಹದಿನೈದು ವರ್ಷದಿಂದ ನಿಮಗೂ ಹೀಗೇ ಹೊಲೀತಿದ್ದೀನಿ. ಕೈ ಎತ್ತೋಕೆ ಆಗ್ತಿಲ್ಲ ಅಂತ ಒಂದು ದಿನವಾದರೂ ಹೇಳಿದ್ದೀರಾ?" ಎಂದ.

ಯೋಚಿಸಿದೆ. ಹದಿನೈದು ವರ್ಷದಲ್ಲಿ ನಾನು ಒಮ್ಮೆಯೂ ಕೈ ಎತ್ತಿರಲಿಲ್ಲ.

ಎಂತ ತಪ್ಪು ಮಾಡಿದಳು?

ಆ ಗೋಲ್‌ಕೀಪರಿನ ಅಪ್ಪ ಕುಂದಾಪುರದ ಕಡೆಯವರು, ಒಂದು ಸಸ್ಯಾಹಾರಿ ಹೋಟೆಲಿನ ಮುಖ್ಯ ಅಡುಗೆ ಭಟ್ಟರು. ಬೆಸೆಂಟ್ ನಗರದ ಬೀಚಿನಲ್ಲಿ ನಮ್ಮ ಅಭ್ಯಾಸ ನೋಡಲು ಬಂದವರು ಮುಖ ಸಣ್ಣದು ಮಾಡಿಕೊಂಡರು. ಮಗಳನ್ನು ಇನ್ನು ಕಳಿಸುವುದಿಲ್ಲ ಎಂದರು.

"ಅಮ್ಮ, ಬೇಜಾರು ಮಾಡ್ಬೇಡಿ. ನನ್ನ ಮಗಳು ಎಂತ ತಪ್ಪು ಮಾಡಿದ್ಲು? ಹತ್ತು ಮಕ್ಕಳು ಆರಾಮಲ್ಲಿ ಓಡಾಡೂದು, ಇವಳೊಬ್ಬಳನ್ನು ಮೂಲೆಗೆ ನಿಲ್ಸಿದ್ದೀರಿ. ಮೇಲಿಂದ ಎಲ್ಲರೂ ಸೇರಿ ಇವಳಿಗೇ ಹೊಡೆಯೂದು."

"ನಿಮ್ಮ ಹೋಟೆಲಲ್ಲಿ ಸಾಂಬಾರಿಗೆ ಉಪ್ಪು ಹಾಕೋದು ಯಾರು?" ಎಂದು ಕೇಳಿದೆ.

"ನಾನೇ. ಬೇರೆಯವರಿಗೆ ಮುಟ್ಲಿಕ್ಕೆ ಬಿಡೂದಿಲ್ಲ."

"ಹಾಗೇ ಇದೂ. ಹನ್ನೊಂದು ಜನರಲ್ಲಿ ಚೆಂಡನ್ನ ಕೈಯಲ್ಲಿ ಹಿಡಿಯೋ ಹಕ್ಕು ಇವಳೊಬ್ಬಳಿಗೇ."

"ಅದದಾನ್ ಪ್ಪಾ ನಾನುಂ ಸೊನ್ನೇನ್" ಎಂದಳು ಮಗಳು. ಅಪ್ಪನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ. ನಾನೂ ಅದನ್ನೇ ಹೇಳಿದೆನಲ್ಲ ಎಂದು ಅವಳ ದೂರು.

ಅಪ್ಪ ಒಪ್ಪಿದರು. ಮರುದಿನದಿಂದ ಹೋಟೆಲಿನಲ್ಲಿ ಕಂಡಕಂಡವರಿಗೆಲ್ಲ, "ನಮ್ಮ ಮಗಳು ರಾಜ್ಯ ತಂಡದಲ್ಲಿ ಭಟ್ರು" ಎಂದು ಹೇಳತೊಡಗಿದರು.

ಬಾರದ ಚೆಂಡು

ಎರಡು ಸಾವಿರ ದಾಟಿದ ಮೇಲೊಂದು ವರ್ಷ ರಾಷ್ಟ್ರೀಯ ಪಂದ್ಯಾವಳಿ ಚೆನ್ನೈಯಲ್ಲೇ ನಡೆಯಿತು. ಭಾರತ ತಂಡದ ತರಬೇತಿ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ಒಬ್ಬರು ಬಂದಿದ್ದರು. ನಮ್ಮ ಗೋಲ್‌ಕೀಪರಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಆಯ್ಕೆಗಾರರು ನೋಡುವುದು ಅದೊಂದೇ ಪಂದ್ಯ, ಸಂಜೆಯ ರೈಲಿಗೆ ಹೊರಟುಬಿಡುತ್ತಾರೆ. ಟಿಕೆಟ್ ಮಾಡಿಸಿಕೊಟ್ಟ ಪಾಪಿ ನಾನೇ.

ಅಂದು ನಮ್ಮ ಹುಡುಗಿಯರು ಎಂಥ ಆಟವಾಡಿದರೆಂದರೆ, ಚೆಂಡು ನಮ್ಮ ಗೋಲಿನ ಹತ್ತಿರವೇ ಸುಳಿಯಲಿಲ್ಲ. ನಾಲ್ಕು ಗೋಲು ಹೊಡೆದರು. ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಚೆಂಡೇ ಬಾರದಿದ್ದರೆ ಆಯ್ಕೆಗಾರರು ನೋಡುವುದೇನನ್ನು? ಗೋಲ್‌ಕೀಪರ್ ಕಂಬಕ್ಕೊರಗಿ ಉಗುರು ಕಚ್ಚುತ್ತಿದ್ದಳು. ಆಯ್ಕೆಗಾರರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಊಟದ ಹೊತ್ತು ಮುಗಿಸಿ ಓಡಿಬಂದಿದ್ದ ಅಪ್ಪ, "ಅಮ್ಮ, ನನ್ನ ಮಗಳಿಗೆ ಯಾಕೆ ಯಾರೂ ಚೆಂಡು ಕೊಡೂದಿಲ್ಲ?" ಎಂದು ನನ್ನ ಜೀವ ತಿನ್ನುತ್ತಿದ್ದರು.

ಹತ್ತು ನಿಮಿಷ ಉಳಿದಿತ್ತು. ಕೋಚ್ ಆ ಕಡೆ ತಿರುಗಿದ್ದಾಗ ನಾನು ಗೆರೆಯ ಬಳಿ ಹೋಗಿ, ಗೋಲಿನ ಮುಂದೆ ಕಾವಲು ಆಡುತ್ತಿದ್ದ ಪೋರೂರಿನ ಹುಡುಗಿಯನ್ನು ಕರೆದೆ. "ಒಂದು ಚೆಂಡು ಬಿಡೇ. ಅವಳ ಕಡೆ ಹೋಗಲಿ."

"ಎನ್ನ ಮೇಡಂ, ಏನಿದು! ಇಷ್ಟು ವರ್ಷ ಬಿಡಬೇಡ ಅಂತ ಬೈದು, ಈಗ ಬಿಡು ಅಂತೀರಾ?" ಎಂದಳು. ಎದುರಾಳಿಯನ್ನು ಬಿಡಲು ಅವಳ ಮಾನ ಒಪ್ಪಲಿಲ್ಲ. ಹಾಗೆಂದು ಮೇಡಂ ಮಾತು ಮೀರುವುದೂ ಅವಳಿಗೆ ಬಾರದು. ಮುಂದಿನ ಚೆಂಡು ಕಾಲಿಗೆ ಸಿಕ್ಕಿದ್ದೇ ತಡ, ಹಿಂದೆ ತಿರುಗಿ, ಮೂವತ್ತು ಗಜದಿಂದ ನಮ್ಮ ಗೋಲಿಗೇ ಬೀಸಿ ಒದ್ದಳು.

ಗೋಲ್‌ಕೀಪರ್ ಬೆಚ್ಚಿ, ಹಾರಿ, ಎರಡೂ ಕೈಯಲ್ಲಿ ಹಿಡಿದೇಬಿಟ್ಟಳು. ರೆಫರಿ ಸೀಟಿ ಊದಿದರು. ತನ್ನವಳೇ ಬೇಕೆಂದು ಒದ್ದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲವಂತೆ, ಹಾಗಾಗಿ ಎದುರಾಳಿಗಳಿಗೆ ಫ್ರೀ ಕಿಕ್. ಅಪ್ಪ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಎದುರಾಳಿಗಳು ಹತ್ತಿರದಿಂದಲೇ ಜೋರಾಗಿ ಒದ್ದರು. ನಮ್ಮ ಹುಡುಗಿ ಎಡಕ್ಕೆ ಹಾರಿ ಅದನ್ನೂ ಮುಷ್ಟಿಯಿಂದ ಹೊರಗಟ್ಟಿದಳು. ಆಯ್ಕೆಗಾರರು ಪುಸ್ತಕ ತೆಗೆದು ಬರೆದುಕೊಂಡರು.

ಕೋಚ್ ನನ್ನೊಡನೆ ಒಂದು ವಾರ ಮಾತಾಡಲಿಲ್ಲ. ಎರಡನೆಯ ವಾರ ಶಿಬಿರದ ಪಟ್ಟಿ ಬಂತು. ಗೋಲ್‌ಕೀಪರಿನ ಹೆಸರಿತ್ತು. ನಾನು ಕಚೇರಿಯಲ್ಲೇ ಅತ್ತೆ. ಕಣ್ಣೊರೆಸಿಕೊಂಡು ನೋಡಿದರೆ ಕೆಳಗೆ ಪೋರೂರಿನ ಹುಡುಗಿಯ ಹೆಸರೂ ಇತ್ತು, ಗೋಲು ಹೊಡೆಯುವವರ ಸಾಲಿನಲ್ಲಿ. ತಪ್ಪಾಗಿರಬೇಕೆಂದು ಕೋಚ್ ಫೋನ್ ಮಾಡಿದರು.

"ತಪ್ಪೇನಿಲ್ಲ" ಎಂದರಂತೆ ಆಯ್ಕೆಗಾರರು. "ಆವತ್ತು ಮೈದಾನದಲ್ಲಿ ಮೂವತ್ತು ಗಜದಿಂದ ಗೋಲಿಗೆ ಅಷ್ಟು ಗುರಿಯಿಟ್ಟು ಒದ್ದವಳು ಅವಳೊಬ್ಬಳೇ. ಯಾವ ಕಡೆಗೆ ಅನ್ನೋದನ್ನ ನಾವು ಕಲಿಸ್ಕೋತೀವಿ."