ಗಾಳಿ ಕೇಳಿ ರೋಸ್ಟ್ ಸುಡುವ ಭಾವ

ಮಾಂಸ ಸುಡಲು ಗಾಳಿಯ ಅಪ್ಪಣೆ ಕೇಳುವ ಮನುಷ್ಯ ಇಡೀ ಡೆಟ್ರಾಯ್ಟಿನಲ್ಲಿ ಒಬ್ಬರೇ ಇದ್ದರು. ನನ್ನ ಗ್ರಹಚಾರ, ಅವರು ನನ್ನ ಅಕ್ಕನ ಗಂಡ! ಹಿತ್ತಿಲ ಬೇಲಿಗೆ ಹಳೆಯ ಟವೆಲ್ ಕಟ್ಟಿ, ಅದು ಯಾವ ಕಡೆ ಹಾರುತ್ತದೆಂದು ನೋಡಿಯೇ ಇದ್ದಿಲಿಗೆ ಬೆಂಕಿ ಇಡುತ್ತಿದ್ದರು. ಯಾಕೆ ಎಂದಿರಾ? ಹಿತ್ತಿಲಿನ ಈ ತುದಿಯ ಗ್ರಿಲ್ಲಿನಲ್ಲಿ ನಮ್ಮ ದನದ ರೋಸ್ಟ್. ಆ ತುದಿಯಲ್ಲಿ ಸಸ್ಯಾಹಾರಿ ಅತಿಥಿಗಳಿಗೆಂದೇ ಕೊಂಡ, ಮಾಂಸದ ಮುಖ ಕಾಣದ ಹೊಸ ಗ್ರಿಲ್ಲು. ಅದರ ಮೇಲೆ ಬದನೆಕಾಯಿ, ಜೋಳದ ತೆನೆ. ನಮ್ಮ ಹೊಗೆ ಅವರ ಬದನೆಕಾಯಿಯ ಮೈ ಸೋಕಬಾರದು!

ನಾವು ಮೈಸೂರಿನ ಕ್ರೈಸ್ತರು. ದೊಡ್ಡ ರೋಸ್ಟ್ ಇಲ್ಲದೆ ನಮ್ಮಲ್ಲಿ ಹಬ್ಬವಿಲ್ಲ. ಅರವತ್ತರ ದಶಕದ ಕೊನೆಗೆ ಭಾವ ಇಲ್ಲಿನ ಕಾರಿನ ಭಾಗಗಳ ಕಾರ್ಖಾನೆಗೆ ಬಂದರು. ಆಮೇಲೆ ಅಕ್ಕನನ್ನೂ ನನ್ನನ್ನೂ ಕರೆಸಿಕೊಂಡರು. ನಾವಿಬ್ಬರೂ ಓವರ್‌ಟೈಮ್ ಎಂದು ಯಂತ್ರದ ಮುಂದೆ ನಿಂತರೆ, ಇಂಗ್ಲಿಷ್ ಬಾರದ ಅಕ್ಕನಿಗೆ ಮನೆಯ ಗೋಡೆಗಳೇ ಗತಿ. ಊರಿನಲ್ಲಿ ಕೊಡ ತುಂಬಿ ಹರಿದರೂ ನಲ್ಲಿಯ ಹತ್ತಿರ ಮಾತು ಮುಗಿಸದವಳು, ಇಲ್ಲಿನ ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಮಾತೇ ಬಿಟ್ಟಿದ್ದಳು. ಏನು ಕೇಳಿದರೂ ‘ಹೂಂ’ ಅಥವಾ ‘ಉಹೂಂ’.

“ಕನ್ನಡದ ಹೆಂಗಸರು ನಾಲ್ಕು ಜನ ಬಂದು ಕೂತು ಹರಟಿದ್ರೆ ಸರಿಹೋಗ್ತಾಳೆ ಕಣೋ” ಎಂದರು ಭಾವ. ಡಾಕ್ಟರು ಬರೆಯದ ಔಷಧಿ! ಅದಕ್ಕೇ ಈ ಔತಣ.

ಮಾಂಸದಂಗಡಿಯಲ್ಲಿ ಭಾವ ಹಲಸಿನ ಹಣ್ಣು ಕೊಳ್ಳುವವರಂತೆ ಒಂದೊಂದೇ ತುಂಡನ್ನು ತಟ್ಟಿ ನೋಡಿದರು. ಕೊನೆಗೆ ತೊಟ್ಟಿಲ ಮಗುವಿನ ಗಾತ್ರದ್ದೊಂದನ್ನು ಆರಿಸಿ, ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂರಿಸಿದರು. ನಾನು ಹಿಂದೆ, ಇದ್ದಿಲ ಚೀಲದ ಜೊತೆ. ಮನೆಯಲ್ಲಿ ನನ್ನ ಸ್ಥಾನ ಯಾವುದೆಂದು ಅವತ್ತು ತಿಳಿಯಿತು!

ಫೋನಿನಲ್ಲಿ ಕರೆಯುವ ಚಂದವೋ, ಕೇಳಲೇಬೇಡಿ.

“ಸಾರ್, ಭಾನುವಾರ ಊಟಕ್ಕೆ ಬನ್ನಿ. ನಮಗೆ ದನದ ರೋಸ್ಟು. ನಿಮಗೆ ಬೇರೆ ಒಲೆ, ಬೇರೆ ಪಾತ್ರೆ.”

ನಾನು ತಲೆ ಚಚ್ಚಿಕೊಂಡೆ. “ಭಾವ, ದನದ ಸುದ್ದಿ ಯಾಕೆ ಎತ್ತುತ್ತೀರಿ? ಒಂದಿನ ಬರೀ ಚಿತ್ರಾನ್ನ ಮಾಡಿ ಕರೀರಿ, ಸಾಕು.”

“ಬಚ್ಚಿಟ್ಟು ಕರೆದ್ರೆ ಅವರು ಬರೋದು ನಮ್ಮನೆಗಲ್ಲ ಕಣೋ, ಇನ್ಯಾರದೋ ಮನೆಗೆ.”

ಈ ಹಟಮಾರಿಗೆ ಯಾರು ಹೇಳಬೇಕು! ಕೆಲವರು ‘ನಮಗೆ ಆಗಿಬರಲ್ಲ’ ಎಂದು ನೇರವಾಗಿ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬರುತ್ತೇವೆ ಎಂದವರು ಪಕ್ಕದೂರು ಟ್ರಾಯ್‌ನ ರಾಯರೊಬ್ಬರೇ. ನಮ್ಮ ಕಾರ್ಖಾನೆಯಲ್ಲೇ ಎಂಜಿನಿಯರು. ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಅವರು ಹ್ಯಾಂಬರ್ಗರ್ ಕಚ್ಚುವುದನ್ನು ನಾನೇ ಕಂಡಿದ್ದೇನೆ. ಬನ್ನಿನೊಳಗೆ ಹೊಕ್ಕರೆ ದನ ದನವಲ್ಲ ಎಂದು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ನನಗೆ ತಿಳಿಯದು.

ಭಾನುವಾರ ಅಕ್ಕ ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಕಿಟಕಿಯ ಹತ್ತಿರ ನಿಂತಳು. ಮೆಣಸು, ಬೆಳ್ಳುಳ್ಳಿ, ವಿನಿಗರ್ ಕುಡಿದು ರಾತ್ರಿಯೆಲ್ಲ ನೆನೆದಿದ್ದ ರೋಸ್ಟ್ ಕೆಂಡದ ಮೇಲೆ ಚುಂಯ್‌ಗುಡುತ್ತಿತ್ತು. ರಾಯರ ಕಾರು ಬಂತು. ಅದೇ ಗಳಿಗೆಗೆ ಗಾಳಿ ತಿರುಗಬೇಕೆ! ತುಪ್ಪಳದಂಥ ದಪ್ಪ ಹೊಗೆ ಮನೆಯನ್ನು ಬಳಸಿಕೊಂಡು ನೆಟ್ಟಗೆ ಕಾರಿನ ಕಡೆಗೇ ಹೋಯಿತು.

“ಇಳೀರಿ ಸಾರ್, ನಿಮ್ಮ ಬದನೆಕಾಯಿ ಆ ಕಡೆ ಇದೆ!” ಭಾವ ಇಕ್ಕಳ ಹಿಡಿದುಕೊಂಡೇ ಓಡಿದರು.

“ಇಲ್ಲ ಇಲ್ಲ... ಒಂದು ಅರ್ಜೆಂಟ್ ಕೆಲಸ ನೆನಪಾಯ್ತು,” ಎಂದರು ರಾಯರು, ಕರ್ಚೀಫಿನೊಳಗಿಂದ.

ಅಕ್ಕ ಸೆರಗು ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ರಾಯರ ಹೆಂಡತಿ ಅವಳಿಗೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗಾಜು ಮೇಲೇರಿತು, ಕಾರು ಹೊರಟಿತು. ಕ್ಯಾಂಟೀನಿನ ವಿಷಯವನ್ನು ಬೀದಿಯಲ್ಲೇ ಕೂಗಿಬಿಡೋಣ ಎಂದು ನನ್ನ ನಾಲಿಗೆ ತುರಿಸಿತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅದರಷ್ಟು ಕಹಿ ತುತ್ತನ್ನು ಈ ದೇಶದಲ್ಲಿ ಇನ್ನೊಂದು ತಿಂದಿಲ್ಲ.

ಅಕ್ಕ ಸೀರೆ ಬದಲಿಸಲು ಒಳಗೆ ನಡೆದಳು.

“ಸೀರೆ ಬಿಚ್ಚಬೇಡ ಕಣೇ, ಜನ ಬರ್ತಾರೆ,” ಎಂದು ಭಾವ ಕೂಗಿದರು.

ಯಾವ ಜನ? ನೋಡುತ್ತೇನೆ, ಭಾವ ಮೇಜಿನ ಬಟ್ಟೆ ಎಳೆದು, ಹೆಗಲ ಮೇಲೆ ಸೆರಗಿನಂತೆ ಹೊದ್ದು, ಮನೆ ಸುತ್ತಿ ಹೋಗಿ ಮುಂಬಾಗಿಲು ತಟ್ಟುತ್ತಿದ್ದಾರೆ! ಅಕ್ಕ ಬಾಗಿಲು ತೆರೆದಳು.

“ಏನ್ರೀ, ಚೆನ್ನಾಗಿದೀರಾ?” ಭಾವನ ದನಿ ಕೀರಲಾಗಿತ್ತು. “ಈ ಕಡೆ ಬಂದಿದ್ದೆ, ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ. ನಿಮ್ಮೆಜಮಾನ್ರು ಇಲ್ವಾ?”

ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬಾಗಿಲು ಪೂರ್ತಿ ತೆಗೆದಳು.

“ಬನ್ನಿ, ಕೂತ್ಕೊಳ್ಳಿ. ಅವರ ಸುದ್ದಿ ಮಾತ್ರ ಎತ್ತಬೇಡಿ ಕಣ್ರೀ. ಆ ಮನುಷ್ಯನ್ನ ಕಟ್ಕೊಂಡು ನಾನು ಪಟ್ಟ ಪಾಡು...”

ಶುರುವಾಯಿತು! ಚಳಿಗಾಲವಿಡೀ ಒಳಗೆ ಹೆಪ್ಪುಗಟ್ಟಿದ್ದೆಲ್ಲ ಹೊರಗೆ ಬಂತು: ಹಿಮ, ಓವರ್‌ಟೈಮ್, ಇಡೀ ದಿನ ಸದ್ದಿಲ್ಲದ ಮನೆ. ಭಾವ ಗಲ್ಲಕ್ಕೆ ಕೈಯಿಟ್ಟು, “ಅಯ್ಯೋ ಹೌದೇನ್ರೀ, ಅಂಥೋರಾ ಅವರು!” ಎಂದು ತಮ್ಮ ಮೇಲಿನ ಚಾಡಿಯನ್ನೆಲ್ಲ ಕೇಳುತ್ತ ಕೂತರು. ನಡುವೆ ಅಕ್ಕ ನಕ್ಕಿದ್ದೂ ಕೇಳಿಸಿತು. ಕಿಟಕಿಯಿಂದ ಕಂಡ ಭಾವನ ಕಣ್ಣು ಮಾತ್ರ ಒದ್ದೆಯಾಗಿತ್ತು.

ರೋಸ್ಟ್ ತಣ್ಣಗಾಗುತ್ತಿದ್ದರೂ ನಾನು ಒಳಗೆ ಹೋಗಲಿಲ್ಲ. ಹೆಂಗಸರು ಮಾತಾಡುವ ಕಡೆ ನನಗೇನು ಕೆಲಸ?