ಏಳು ಸಮುದ್ರದಾಚೆಯ ಕೆಮ್ಮು

ಲಿಫ್ಟ್ ರಿಪೇರಿಯ ಯಜಮಾನರು ಆ ಬೇಸಿಗೆಯಲ್ಲಿ ಘನಘೋರ ಪ್ರತಿಜ್ಞೆಯೊಂದನ್ನು ಮಾಡಿದರು: ಏಳು ಸಮುದ್ರದಾಚೆಯ ಒಂದಾದರೂ ರೇಡಿಯೋ ಕೇಂದ್ರವನ್ನು ಹಿಡಿದು, ಅದರ ಹೆಸರು ಪತ್ತೆಹಚ್ಚದೆ ಬಿಡುವುದಿಲ್ಲ! ಕತ್ತಲಾದರೆ ಮೀಡಿಯಂ ವೇವ್‌ನಲ್ಲಿ ದೂರದೂರದ ದನಿಗಳು ತೇಲಿಬರುತ್ತವೆ. ಹಗಲೆಲ್ಲ ಇತರರು ಮೇಲೆ ಕೆಳಗೆ ಹೋಗುವಂತೆ ಮಾಡುವವರಿಗೆ ತಾವೂ ಎಲ್ಲಿಗಾದರೂ ಹೋಗಬೇಕೆನಿಸುವುದು ಸಹಜ. ಬಟ್ಟೆ ಒಣಹಾಕುವ ತಂತಿ ಏರಿಯಲ್ ಆಯಿತು. ಒದ್ದೆ ಬಟ್ಟೆಗಳು ಕುರ್ಚಿಗಳ ಮೇಲೆ ಕುಳಿತವು. ಹೆಂಡತಿ ನಿಂತಳು.

ಒಂದು ರಾತ್ರಿ ಸಿಕ್ಕೇಬಿಟ್ಟಿತು: ಗೊರಗೊರ ಸದ್ದಿನ ತಳದಲ್ಲಿ ಪಿಟೀಲು, ಆಮೇಲೆ ಗಂಡಸಿನ ದನಿ, ನಡುನಡುವೆ ಕೆಮ್ಮು. ಮಾತು ಒಂದೂ ತಿಳಿಯದು. ತಿಳಿಯದ್ದರಿಂದಲೇ ಪರದೇಶವೆಂದು ಖಾತ್ರಿಯಾಯಿತು. ಕೆಮ್ಮಿನ ಆಧಾರದ ಮೇಲೆ ಹಿಮ ಬೀಳುವ ನಾಡೆಂದೂ ತೀರ್ಮಾನಿಸಿದರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು; ಲಿಫ್ಟಿನಲ್ಲಿ ಸಿಕ್ಕವರು ಓಡುವುದಾದರೂ ಎಲ್ಲಿಗೆ?

ಆದರೆ ಹೆಸರು ಮಾತ್ರ ಗೊರಗೊರದಲ್ಲಿ ಮುಳುಗುತ್ತಿತ್ತು. ತಪ್ಪು ಮನೆಯ ಕರೆಂಟಿನದೆಂದು ಬಗೆದು ಮೊದಲು ಟ್ಯೂಬ್‌ಲೈಟ್ ಆರಿಸಿದರು, ಆಮೇಲೆ ಫ್ಯಾನು. ಕೊನೆಗೆ ಹೆಂಡತಿಗೆ ನಿದ್ದೆ ಹತ್ತಿದ್ದು ನೋಡಿ ಮೆಯಿನ್ ಸ್ವಿಚ್ಚನ್ನೇ ಇಳಿಸಿ, ಬ್ಯಾಟರಿ ರೇಡಿಯೋದ ಮುಂದೆ ತಪಸ್ಸಿಗೆ ಕುಳಿತರು. ಆಕೆ ಆರ್ಡರಿಗೆ ಕೇಕು ಮಾಡಿಕೊಡುವವಳು. ಬೆಳಗ್ಗೆ ಒಪ್ಪಿಸಬೇಕಾದ ಮೂರಂತಸ್ತಿನ ಕೇಕು ಫ್ರಿಜ್ಜಿನೊಳಗೆ, ಲಿಫ್ಟಿನ ನೆರವಿಲ್ಲದೆ, ಕೆಳಗಿಳಿಯತೊಡಗಿತು.

ಸೆಕೆಗೆ ಎಚ್ಚೆತ್ತ ಆಕೆ ಮೇಣದಬತ್ತಿ ಹಿಡಿದು ಫ್ರಿಜ್ಜಿಗೆ ಹೋಗಿ, ಅಲ್ಲಿಂದ ಗಂಡನ ಬಳಿಗೆ ಬಂದಳು. ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ ತಡೆದರು. ದನಿ ತಿಳಿಯಾಗುತ್ತಿತ್ತು! ಹೆಡ್‌ಫೋನ್ ಕಿತ್ತು, ಸದ್ದು ಏರಿಸಿ, ಪರದೇಶವನ್ನು ಆಕೆಗೂ ದಯಪಾಲಿಸಿದರು.

ಆಕೆ ಕೇಳಿದಳು. "ಇದು ನಮ್ಮೂರ ಸ್ಟೇಷನ್ನು ಕಣ್ರೀ. ಅಂಚೆ ಕಚೇರಿ ಹಿಂದೆ ಇದೆಯಲ್ಲ, ಅದು. ಹಗಲು ಚೆನ್ನಾಗೇ ಕೇಳುತ್ತೆ, ರಾತ್ರಿ ಬೇರೆ ಸ್ಟೇಷನ್ನುಗಳ ಗದ್ದಲ. ಕ್ರೀಮು ಕಡೆಯುವಾಗ ದಿನಾ ಹಾಕ್ಕೋತೀನಿ. ಆ ಕೆಮ್ಮು ನನಗೆ ಗೊತ್ತಿಲ್ವಾ?"

ಅಷ್ಟರಲ್ಲಿ ದನಿ ಅಚ್ಚಗನ್ನಡದಲ್ಲಿ ಹೇಳಿತು: ಕೇಳುಗರಿಲ್ಲದ ಕಾರಣ ಈ ಕೇಂದ್ರವನ್ನು ಇಂದಿಗೆ ಮುಚ್ಚಲಾಗುತ್ತಿದೆ. ಯಾರಾದರೂ ಕೇಳುತ್ತಿದ್ದರೆ, ಅವರಿಗೆ ನಮಸ್ಕಾರ. ಒಮ್ಮೆ ಕೆಮ್ಮಿತು. ಆಮೇಲೆ ಬರೀ ಗಾಳಿಯ ಸದ್ದು.

ಯಜಮಾನರ ಕೈ ತಿರುಪಿನ ಮೇಲೆಯೇ ಉಳಿಯಿತು. ಇಷ್ಟು ದಿನ ಯಾರದೋ ದೂರದ ಮಾತೆಂದು ಕಾದದ್ದು ಈ ಮಾತಿಗೇ? "ಮುಚ್ಚಿಬಿಟ್ರಂತೆ," ಎಂದರು ಮೆಲ್ಲಗೆ.

ಆಕೆ ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕುಳಿತಳು. "ಗೊತ್ತು. ವಾರದಿಂದ ಹೇಳ್ತಿದ್ರು. ಸಂಕಟ ತಡೀದೆ ನಿಮಗೂ ಹೇಳ್ದೆ."

"ನಾನೇನಂದೆ?"

"ಹೂಂ ಅಂದ್ರಿ."